ಎಡಗೈ ಗಂಟು

ಬನಹಟ್ಟಿ
ತಾ. 14-9-2025, ರವಿವಾರ

ಪ್ರೀತಿಯ ಮಗಳು ಶೈಲವ್ವಗ, ಇನ್ನೂ ಉಸರಾಡಾಕತ್ತಿರೋ ನಿಮ್ಮಪ್ಪನ ಆಶೀರ್ವಾದ.

ಅಲ್ಲಿ ಇಚಲಕರಂಜ್ಯಾಗ ಎಲ್ಲಾರೂ ಆರಾಮ ಅದೀರೇನು? ಅಳಿಯಂದಿರ ಮೊಳಕಾಲ ನೋವು ಹೆಂಗೈತಿ? ಸ್ನೇಹಾನ ಪರೀಕ್ಷಾ ಮುಗದೂವೇನು? ಫಸ್ಟ್ ಕ್ಲಾಸ್ ಬಂದ್ರ ಈ ಅಜ್ಜನ ತಲಿ, ಫೇಲಾದ್ರ ಆ ಕಡೆ ಅಜ್ಜನ ತಲಿ ಅಂತ ಆಕಿಗೆ ಹೇಳು. ನಾ ಇಲ್ಲಿ ಛಲೋ ಅದೇನಿ. ದಿನಾ ಮೂರು ಗುಳಿಗಿ ನುಂಗತೇನಿ, ಗುಳಿಗಿ ನನ್ನ ನುಂಗೋದು ಇನ್ನೂ ಬಾಕಿ ಐತಿ. ಫೋನ್ ಇಟ್ಕೊಂಡು ಈ ಮುದುಕ ಕಾಗದ ಯಾಕ ಬರದಾನು ಅಂತ ನಿನಗ ಸಂಶೇ ಬಂದಿರಬೇಕು. ಬರ್ಲಿ, ಸಂಶೇ ಅನ್ನೋದು ಈಗ ನಮ್ಮನ್ಯಾಗ ಎಲ್ಲಾರಿಗೂ ಬಂದೈತಿ, ನೆಗಡಿ ಬಂದಂಗ. ನನ್ನ ಕಿವಿಗೆ ಸ್ಪೀಕರ್ ಹಾಕಿದ್ರಷ್ಟ ಕೇಳತೈತಿ, ಸ್ಪೀಕರ್ ಹಾಕಿದ್ರ ಓಣಿಗೆಲ್ಲಾ ಕೇಳತೈತಿ. ಈ ಸುದ್ದಿ ಓಣಿಗೆ ಅಲ್ಲ. ಈಗ ಪೆನ್ನ ಹಿಡದು ಕುಂತಾಗ ನಿಮ್ಮವ್ವ ಬಾಗಲದಾಗ ನಿಂತು "ಯಾರಿಗ್ರಿ ಅದು ಇಷ್ಟುದ್ದ?" ಅಂದ್ಲು. "ಕರೆಂಟ್ ಆಫೀಸಿಗೆ ಅರ್ಜಿ" ಅಂದ್ನಿ. "ಕರೆಂಟ್ ಆಫೀಸಿನವ್ರಿಗೆ ಬರೆಯೋವಾಗ ನಗತಾರೇನ್ರಿ ಯಾರರ?" ಅಂತ ಅಂದು ಒಳಗ ಹೋದ್ಲು. ಆಕಿಗೆ ಓದಾಕ ಬರಂಗಿಲ್ಲ ಖರೆ, ನನ್ನ ಮಾರಿ ಓದಾಕ ಬರತೈತಿ.

ಬಸಗೊಂಡಪ್ಪ ಕಾಕಾ ಶ್ರಾವಣದಾಗ ತೀರಿಕೊಂಡಿದ್ದು ನಿನಗ ಗೊತ್ತೈತಿ. 2003ರಾಗ ನಾ ಮೃತ್ಯುಪತ್ರ ಮಾಡಿಸಿದಾಗ ಸಾಕ್ಷಿ ಸೈ ಮಾಡಿದ ಇಬ್ಬರೊಳಗ ಅಂವೊಬ್ಬನ ಉಳದಿದ್ದ. ಆ ಪತ್ರ ಬರದು ಕೊಟ್ಟ ಜಮಖಂಡಿ ಬಾಂಡ್ ರೈಟರ್ ಭೀಮಪ್ಪ, ಕಾಕಾನ ದಿವಸದ ಊಟಕ್ಕ ನನ್ನ ಬಾಜೂಕ ಕುಂತು "ಗಿರಿಮಲ್ಲಪ್ಪಣ್ಣಾರ, ನಿಮ್ಮ ಸಾಕ್ಷಿ ಇಬ್ಬರೂ ಹೋದ್ರು. ಹಳೇದನ್ನ ನೆಚ್ಚಿಕೊಂಡು ಕುಂಡ್ರಬ್ಯಾಡ್ರಿ, ಹೊಸಾದು ಮಾಡ್ರಿ" ಅಂದ. "ಹೌದೋ ಮಾರಾಯಾ, ಈಗ ಸೈ ಮಾಡಿಸಿದಾಂವ ಒಬ್ಬನ ಉಳದಾನ, ಅಂವಾ ಹೋಗೂದ್ರಾಗ ಮಾಡೋಣು" ಅಂದ್ನಿ. ಭೀಮಪ್ಪ ಹೋಳಿಗಿ ಕೈಯಾಗ ಹಿಡಕೊಂಡು ನಕ್ಕ. ಹಳೇದ್ರಾಗ ಏನೈತಿ ಅಂತ ನಿನಗ ಬಾಯಿಪಾಠ ಇರಬೇಕು, ಆದ್ರೂ ಹೇಳತೇನಿ. ಮನಿ, ಮಗ್ಗದ ಶೆಡ್ಡು ನಿಮ್ಮಣ್ಣ ಗುರುಸಿದ್ದಗ. ರಬಕವಿ ರಸ್ತೆದ ಪ್ಲಾಟು ನಿನಗ. ಅವತ್ತ ಭೀಮಪ್ಪ ಪೆನ್ನ ಎತ್ತಿ "ಹೆಂಡ್ರ ಹೆಸರಿಗೆ ಏನ್ ಬರೀಲ್ರಿ?" ಅಂದಿದ್ದ. ನಾ ಏನಂದಿದ್ನಿ ಗೊತ್ತೇನು? "ಆಕಿಗೇನ್ ಬರೀತಿ ಬಿಡೋ, ಆಕಿ ನನ್ನ ಬೆನ್ನ ಬಿಡಂಗಿಲ್ಲ. ನನ್ನ ಕೂಡಾನ ಮ್ಯಾಲ ಬರ್ತಾಳ, ಅಲ್ಲೊಂದು ಬಾಡಿಗಿ ಮನಿ ಹಿಡೀತೇವಿ." ಬಸಗೊಂಡಪ್ಪ ಟೋಪಿ ಬೀಳೂ ಹಂಗ ನಕ್ಕಿದ್ದ. ಇಪ್ಪತ್ತೆರಡು ವರ್ಷ ಆತು, ಆ ಜೋಕು ನಾನೂ ಎಷ್ಟೋ ಮಂದಿಗೆ ಹೇಳಿ ನಗಿಸೇನಿ.

ಇರ್ಲಿ. ಊಟ ಮುಗಿಸಿ ಮನಿಗೆ ಬಂದು, ನಡುಮನಿ ಟ್ರಂಕು ತಗದು ಪಾಕೀಟು ಹೊರಗ ತಗದ್ನಿ. ಕೈಯಾಗ ಹಿಡದ ಕೂಡ್ಲೇನ ತಲಿ ಝಣ್ ಅಂತು. ಅದನ್ನ ನಾ ಕಟ್ಟಿದ್ದು ಕೆಂಪು ನೂಲಿಲೆ, ಎರಡು ದಡ್ಡ ಗಂಟ ಹಾಕಿ, ಕಿರಾಣಿ ಅಂಗಡ್ಯಾಂವ ಬೆಲ್ಲದ ಪೊಟ್ಟಣ ಕಟ್ಟಿದಂಗ. ಈಗ ನೋಡಿದ್ರ ಎರಡು ಗಂಟೂ ಇಲ್ಲ. ಅದರ ಜಾಗಾದಾಗ ಒಂದ ಸಣ್ಣ ಗಂಟು, ಜ್ವಾಳದ ಕಾಳಿಗಿಂತ ಸಣ್ಣದು, ಮಗ್ಗದ ಮ್ಯಾಲ ಎಳಿ ಹರದಾಗ ಹಾಕತಾರಲ್ಲಾ ಹಂತಾದ್ದು. ಅಂದ್ರ ನನ್ನ ಗಂಟಿನ ಮ್ಯಾಲ ಯಾರೋ ಕಣ್ಣಿಟ್ಟು, ನನ್ನ ಗಂಟು ಬಿಚ್ಚಿ, ತಮ್ಮ ಗಂಟು ಹಾಕ್ಯಾರ! ನಾ ಸಾಯೋ ಮೊದಲ ನನ್ನ ಮೃತ್ಯುಪತ್ರ ಓದ್ಯಾರ!

ಆವಾಗ ಬಿಚ್ಚಿ ನೋಡಲಿಲ್ಲ. ಬಿಚ್ಚಿದ್ರ ಪುರಾವೆ ಹಾಳು. ಇದ್ದಂಗ ಟ್ರಂಕಿನ್ಯಾಗ ಇಟ್ಟು, ಹದಿನೈದು ದಿನ ಈ ಮನಿಮಂದೀನ್ನ ಕದ್ದು ನೋಡಿದ್ನಿ. ಮೊದಲ ಗುಮಾನಿ ನಿಮ್ಮಣ್ಣನ ಮ್ಯಾಲ. ಕಾಲೇಜಿನ್ಯಾಗ ಕಾರಕೂನಕಿ ಮಾಡಾಂವ, ಕಾಗದ ಕಂಡ್ರ ಕೈ ತಡೀಯಂಗಿಲ್ಲ. ಒಂದಿನ ಇಲ್ಲದ ಪ್ರೀತಿಲೆ ಸೇಬು ತಂದ. "ಯಾಕೋ?" ಅಂದ್ನಿ. "ತಿನ್ನಾಕರೀ ಅಪ್ಪಾ" ಅಂದ. ಸೇಬು ತಿಂದ್ನಿ, ಮಾತು ನಂಬಲಿಲ್ಲ. ಆಮ್ಯಾಲ ಸೊಸಿ ರಾಧಿಕಾ. ರೊಟ್ಟಿ ಮ್ಯಾಲ ತುಪ್ಪ ಜಾಸ್ತಿ ಬೀಳಾಕತ್ತಿತ್ತು. ಈ ತುಪ್ಪಕ್ಕ ಏನೋ ಉಪಾಯ ಐತಿ ಅನ್ಕೊಂಡ್ನಿ. ಮತ್ತ ಸುಳ್ಳ ಯಾಕ ಹೇಳಲಿ, ನಿನ್ನ ಮ್ಯಾಲೂ ಗುಮಾನಿ ಬಂತು ಶೈಲವ್ವಾ. ಪಂಚಮಿಗೆ ಬಂದಾಕಿ ಆರು ದಿನ ಆ ನಡುಮನ್ಯಾಗನ ಮಲಗಿದ್ದಿ, ಟ್ರಂಕಿಗೆ ತಲಿ ಹಚ್ಚಿ.

ಪಾಕೀಟಿನ ಮ್ಯಾಲ ಹೋಳಿ ಬಣ್ಣ ಉದುರಿಸಿ ಇಟ್ನಿ, ಮುಟ್ಟಿದವ್ರ ಬೆರಳ ಗುಲಾಬಿ ಆಗ್ಲಿ ಅಂತ. ಮೂರನೇ ದಿನಕ್ಕ ನನ್ನ ಧೋತರ ಗುಲಾಬಿ ಆತು, ಯಾಕಂದ್ರ ದಿನಾ ಹೋಗಿ ಮುಟ್ಟಿ ನೋಡಾಂವ ನಾನೊಬ್ಬನ. ಆಮ್ಯಾಲ ಎಲ್ಲಾರಿಗೂ ಒಂದು ಪರೀಕ್ಷಾ ಇಟ್ನಿ. ಎಳಿ ಹರದೈತಿ, ಗಂಟ ಹಾಕಿ ಕೊಡ್ರಿ ಅಂತ ಒಬ್ಬೊಬ್ಬರ ಕೈಯಾಗ ನೂಲ ಕೊಟ್ನಿ. ಗುರುಸಿದ್ದ ಹಾಕಿದ್ದು ಗಂಟಲ್ಲ, ಶೇಂಗಾ ಉಂಡಿ. ನೇಕಾರನ ಮಗ ಅಂತ ಹೇಳಾಕ ನಾಚಿಕಿ ಬರಬೇಕು. ರಾಧಿಕಾ ಬಿಳಗಿ ಕಡೆ ಒಕ್ಕಲತನದ ಮನ್ಯಾಕಿ, ಎಮ್ಮಿ ಕಟ್ಟೂ ಗಂಟ ಹಾಕಿ "ಇದು ಹರ್ಯಂಗಿಲ್ಲ ನೋಡ್ರಿ ಮಾವಾರ" ಅಂದ್ಲು. ಹೌದು ಮತ್ತ, ಎಮ್ಮಿ ಎಳದ್ರೂ ಹರ್ಯಂಗಿಲ್ಲ. ಇಬ್ಬರೂ ಕಳ್ಳರಲ್ಲ ಅಂತ ಆತು. ನಿಮ್ಮವ್ವನ ಕೈಯಾಗ ನೂಲ ಕೊಡಲಿಲ್ಲ. ಓದಾಕ ಬಾರದಾಕಿ ಯಾಕ ಬಿಚ್ಚತಾಳ?

ಹೋದ ಬುಧವಾರ ಕಟ್ಟಿ ಮ್ಯಾಲ ಕುಂತು ಚಸಮಾ ತಗದು ವರಸಾಕತ್ತಿದ್ನಿ. ಅದರ ದಾರ ದೀಪಾವಳಿಗೆ ಹರದಿತ್ತು, ನಿಮ್ಮವ್ವ ಗಂಟ ಹಾಕಿ ಕೊಟ್ಟಿದ್ಲು. ಅದ ಗಂಟು! ಜ್ವಾಳದ ಕಾಳಿಗಿಂತ ಸಣ್ಣದು, ತುದಿ ಎಡಕ್ಕ ಹೊಳ್ಳಿದ್ದು, ಹಲ್ಲಿಲೆ ಕಡದದ್ದು. ಐವತ್ತು ವರ್ಷ ನನ್ನ ಮಗ್ಗಕ್ಕ ಕಂಡಿಕಿಗೆ ನೂಲ ಸುತ್ತಿ, ಹರದ ಎಳಿ ಜೋಡಿಸಿದಾಕಿ, ಅದೂ ಎಡಗೈಲೆ. ಎಡಗೈ ಗಂಟು ಈ ಓಣ್ಯಾಗ ಮತ್ತ ಯಾರಿಗೂ ಬರಂಗಿಲ್ಲ. ಆ ಗಂಟು ಕಿವಿ ಹಿಂದ ಕಟ್ಟಿಕೊಂಡು ಹದಿನೈದು ದಿನ ಆ ಗಂಟಿನ ಕಳ್ಳನ್ನ ಹುಡಿಕೇನಿ ನಾನು. ಆವಾಗ ಪತ್ರದಾಗ ಆಕಿನ್ನ ಹಿಡೀಲಿಲ್ಲ, ಈಗ ಸಂಶೇದಾಗೂ ಹಿಡೀಲಿಲ್ಲ.

ಆಕಿ ನೀರಿಗೆ ಹೋದಾಗ ಪಾಕೀಟು ಬಿಚ್ಚಿದ್ನಿ. ನನ್ನ ಪತ್ರ ಇದ್ದಂಗ ಇತ್ತು. ಅದರ ಹಿಂದ ಒಂದು ಗೆರಿ ಹಾಕಿದ ನೋಟ್‌ಬುಕ್ಕಿನ ಹಾಳಿ. ಅಕ್ಷರ ನಿನ್ನವು ಶೈಲವ್ವಾ. ನಾನ ಕೈ ಹಿಡದು ತಿದ್ದಿಸಿದ ಅಕ್ಷರ ನನಗ ಗುರುತು ಸಿಗಂಗಿಲ್ಲೇನು? ಕೆಳಗ ಕುಂಕುಮದಾಗ ಒತ್ತಿದ ಹೆಬ್ಬಟ್ಟು ನಿಮ್ಮವ್ವನದು. "ಬಂಗಾರದ ಬೋರಮಾಳ ಶೈಲಾಗ. ಕೈಯಾಗಿನ ಪಾಟಲಿ ರಾಧಿಕಾಗ. ಹಿತ್ತಾಳಿ ಹಂಡೇವು ಗುರುಸಿದ್ದಗ. ಹನ್ನೊಂದು ಕೌದಿ ಮೊಮ್ಮಕ್ಕಳಿಗೆ. ನಮ್ಮ ಮನಿಯವ್ರಿಗೆ, ಅವ್ರು ನನಗ ಎಷ್ಟು ಬರದಾರೋ ಅಷ್ಟು."

ಮೊದಲ ನಕ್ನಿ, ಬಿದ್ದು ಬಿದ್ದು ನಕ್ನಿ. ಊರಿಗೆಲ್ಲಾ ಚ್ಯಾಷ್ಟಿ ಮಾಡಿದ ಗಿರಿಮಲ್ಲಪ್ಪಗ ಆತನ ಟ್ರಂಕಿನ್ಯಾಗನ ಚ್ಯಾಷ್ಟಿ! ಆಮ್ಯಾಲ ಇನ್ನೊಂದು ಸಲ ಓದಿದ್ನಿ, ನಗಿ ಬರಲಿಲ್ಲ. ಪಂಚಮಿಗೆ ಬಂದು ನೀ ಆಕಿಗೆ ನನ್ನ ಪತ್ರ ಓದಿ ಹೇಳಿದಾಗ ಆಕಿ ಏನಂದ್ಲೋ ನನಗ ಗೊತ್ತಿಲ್ಲ. ಪಂಚಮಿ ಆದ ಮ್ಯಾಲೂ ನನಗ ದಿನಾ ಮೊದಲಿನಂಗ ಚಾ ಕೊಟ್ಟಾಳ, ಪತ್ರದ ಸುದ್ದಿ ತಗದಿಲ್ಲ. ನಾ ಮೊದಲ ಹೋದ್ರ ಆಕಿ ಈ ಮನ್ಯಾಗ ಯಾವ ಹೆಸರಲೆ ಇರಬೇಕು? ಗುರುಸಿದ್ದ ಹೊರಗ ಹಾಕಾಂವಲ್ಲ, ನನಗ ಗೊತ್ತು. ಆದ್ರ ಮಗ ಇಟ್ಕೊಂಡಾನು ಅಂತ ಇರೋದ ಬ್ಯಾರೆ, ನನ್ನ ಮನಿ ಅಂತ ಇರೋದ ಬ್ಯಾರೆ. ಇಷ್ಟು ತಿಳಿಯಾಕ ನನಗ ಎಪ್ಪತ್ತಾರು ವರ್ಷ ಬೇಕಾತು.

ಮರದಿನಾನ ಜಮಖಂಡಿಗೆ ಬಸ್ ಹತ್ತಿದ್ನಿ. ಹಳೇದು ರದ್ದು. ಹೊಸಾದ್ರಾಗ ಮನಿ, ಶೆಡ್ಡು ಎರಡೂ ನಿಮ್ಮವ್ವಗ. ಆಕಿ ಆದ ಮ್ಯಾಲ ಗುರುಸಿದ್ದಗ. ಪ್ಲಾಟು ನಿನಗ, ಹಂಗ ಐತಿ. ಗುರುಸಿದ್ದಗ ಹೇಳಿದ್ನಿ, "ಮೊದಲ ಹಂಗ ಬರೀಬೇಕಿತ್ರಿ ಅಪ್ಪಾ" ಅಂದ. ಸೇಬಿಗೆ ನಾ ಸುಮ್ಮನ ಕೆಟ್ಟ ಹೆಸರ ತಂದ್ನಿ. ಹೊಸಾ ಪತ್ರ ಬರೆಯೋವಾಗ ಭೀಮಪ್ಪ ಪೆನ್ನ ಎತ್ತಿ "ಅಕ್ಕಾರ ವಯಸ್ಸು?" ಅಂದಿದ್ದ. ನನಗ ಗೊತ್ತಿಲ್ಲ! ಐವತ್ತೆರಡು ವರ್ಷದ ಸಂಸಾರ, ಹೆಂಡ್ತಿ ವಯಸ್ಸು ಗೊತ್ತಿಲ್ಲ! ಭೀಮಪ್ಪ ನಗಲಿಲ್ಲ. ಅಂವಾ ನಕ್ಕಿದ್ರ ಛಲೋ ಇತ್ತು. ಮನಿಗೆ ಬಂದು ಅಕ್ಕಿ ಡಬ್ಬಿಯಿಂದ ಆಕಿ ಆಧಾರ್ ಕಾರ್ಡ್ ಕದೀವಾಗ ಸಿಕ್ಕಿಬಿದ್ನಿ. "ನನ್ನ ಕಾರ್ಡ್ ಯಾಕ್ರಿ ನಿಮಗ?" ಅಂದ್ಲು. "ಫೋಟೋ ನೋಡಾಕ" ಅಂದ್ನಿ. ಈಗ ಆಕಿಗೆ ನನ್ನ ಮ್ಯಾಲ ಗುಮಾನಿ. ದಿನಾ ಡಬ್ಬಿ ಮುಚ್ಚಳ ತಗದು ನೋಡತಾಳ.

ನಾಳೆ ಸೋಮವಾರ ರಜಿಸ್ಟರ್ ಐತಿ. ಅಳಿಯಂದಿರಿಗೆ ನಮಸ್ಕಾರ ಹೇಳು, ಸ್ನೇಹಾಗ ಒಂದು ಮುದ್ದು. ನೂರು ವರ್ಷ ಬಾಳು, ಮತ್ತ ನಿಮ್ಮವ್ವನಂಗ ಜಾಣಿ ಆಗು, ನನ್ನಂಗ ಶಾಣ್ಯಾ ಆಗಬ್ಯಾಡ.

ನಿಮ್ಮಪ್ಪ,
ಗಿರಿಮಲ್ಲಪ್ಪ

ತಾ.ಕ.: ಮುಖ್ಯ ಮಾತು ಇದು. ಆಕಿ ಹಾಳಿ ಇದ್ದಲ್ಲೇ ಇಟ್ಟೇನಿ. ನೀ ಬಂದಾಗ, ನಾ ಕೇಳೇನಿ ಅಂತ ಹೇಳದ, ಅದರಾಗ ಒಂದ ಸಾಲು ಬದಲ ಮಾಡಸು. ಬಂಗಾರ ಬ್ಯಾಡ, ಹಂಡೇವು ಬ್ಯಾಡ. ಹನ್ನೊಂದು ಕೌದಿಯೊಳಗ ಆ ಕೆಂಪು ಅಂಚಿಂದು, ನಸಿಕಿನ್ಯಾಗ ನಾ ಒದ್ದದ್ದನ್ನ ಆಕಿ ಎದ್ದು ಹೊಳ್ಳಿ ಹೊಚ್ಚತಾಳಲ್ಲಾ, ಅದೊಂದು ನನ್ನ ಹೆಸರಿಗೆ ಬರಿಸು. ಪಾಕೀಟು ಹೊಳ್ಳಿ ಕಟ್ಟೋವಾಗ ಆಕಿ ಗಂಟು ಹಾಕಾಕ ಹತ್ತು ಸಲ ನೋಡಿದ್ನಿ, ಎಡಗೈಲೆ ನನಗ ಬರವಲ್ದು. ಕಡೀಕ ನನ್ನ ದಡ್ಡ ಗಂಟ ಹಾಕಿ ಇಟ್ಟೇನಿ. ನೋಡಿದ ಕೂಡ್ಲೇನ ಆಕಿಗೆ ಗೊತ್ತಾಗತೈತಿ. ಗೊತ್ತಾಗ್ಲಿ. ಚಾ ತಗೊಂಡು ಬಂದ್ಲು, ಮುಚ್ಚತೇನಿ.