ಅಕ್ಕನ ಮಾತಿನ ಕೆಂಪು

ವಕೀಲಮ್ಮನ ಕಚೇರಿ,
೧೧ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ಮುರಿದ ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದರೇ? ಅಗಿದು ತಿನ್ನಲು ಆಗುತ್ತಿದೆಯೇ, ಇನ್ನೂ ಕುಡಿದೇ ಹೊಟ್ಟೆ ತುಂಬಿಸುತ್ತಿದ್ದೀಯಾ? ಚಿಕ್ಕಮ್ಮ ಗದರಿಸಿಯಾದರೂ ನಿನ್ನನ್ನು ಮಲಗಿಸುತ್ತಾಳೆ ಎಂಬ ಧೈರ್ಯ ನನಗೆ. ಫೋನು ಮಾಡಿದರೆ ನೀನಿರುವ ಜಾಗ ನಿನ್ನ ಗಂಡನಿಗೆ ಗೊತ್ತಾದೀತೆಂದು ಈ ಪತ್ರ. ಅವನನ್ನು ಭಾವ ಎನ್ನಲು ಇನ್ನು ನನ್ನ ನಾಲಿಗೆ ಹೊರಳುವುದಿಲ್ಲ. ನನ್ನ ಮೇಲ್ತುಟಿಗೆ ಹೊಲಿಗೆ ಬಿದ್ದಿದೆ, ಅಷ್ಟೇ. ಗಾಬರಿಯಾಗಬೇಡ, ಹೇಳುತ್ತೇನೆ.

ನಿನ್ನ ಮೊಕದ್ದಮೆಯ ಕಾಗದವನ್ನು ನಾನೇ ಟೈಪ್ ಮಾಡುತ್ತಿದ್ದೇನಲ್ಲ. ಒಬ್ಬೊಬ್ಬರ ಹೇಳಿಕೆಗೆ ಒಂದೊಂದು ಬಣ್ಣ ಕೊಡು ಎಂದಿದ್ದರು ವಕೀಲಮ್ಮ. ನಿನಗೆ ಕೆಂಪು ಕೊಟ್ಟಿದ್ದೆ. ನಾನು ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತಿದ್ದಾಗ ಇನ್ನೊಬ್ಬ ಟೈಪಿಸ್ಟು ಕಣ್ಣಂದಾಜಿನಲ್ಲಿ ಅವನ ಹೇಳಿಕೆಗೂ ಯಾವುದೋ ಕೆಂಪು ಬಳಿದಿದ್ದಳು. ನಿನ್ನೆ ಹಾಳೆ ನೋಡಿ ವಕೀಲಮ್ಮ ಕೆಂಡವಾದರು. “ಹೊಡೆದೋನ ಮಾತ್ಯಾವ್ದು, ಹೊಡೆಸ್ಕೊಂಡೋಳ ಮಾತ್ಯಾವ್ದು? ನಂಗೇ ಗೊತ್ತಾಗ್ತಿಲ್ಲ, ಜಡ್ಜಿಗೆ ಗೊತ್ತಾಗತ್ತಾ?” ಕಂಪ್ಯೂಟರಿನಲ್ಲಿ ನಿನ್ನ ಸಾಲೊಂದನ್ನು ಆಯ್ದು ‘ಇನ್ನಷ್ಟು ಬಣ್ಣಗಳು’ ಒತ್ತಿದೆ. ಆ ಬಣ್ಣದಲ್ಲಿ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಮೂರು ಅಂಕಿ ತೋರಿಸುತ್ತದೆ. ನಿನ್ನದು ೧೯೨, ೦, ೦. ಅವನದು ೨೦೦, ೧೦, ೧೦. ಕಣ್ಣು ಮೋಸಹೋಗುತ್ತದೆ, ಅಂಕಿ ಹೋಗುವುದಿಲ್ಲ. ನಿನ್ನ ಬಣ್ಣವನ್ನು ಒಂದು ಸ್ಟೈಲ್ ಆಗಿ ಉಳಿಸಿ ‘ಅಕ್ಕ’ ಎಂದು ಹೆಸರಿಟ್ಟೆ. ಇನ್ನು ನಿನ್ನ ಮಾತು ಎಲ್ಲಿ ಬಂದರೂ ಅದನ್ನು ಒತ್ತಿದರಾಯಿತು, ಅದೇ ಕೆಂಪು.

ಅಷ್ಟರಲ್ಲಿ ಅವನು ನುಗ್ಗಿದ. ಬಾಗಿಲು ಗೋಡೆಗೆ ಬಡಿದ ಸದ್ದಿಗೆ ನಾನು ತಿರುಗುವುದರೊಳಗೆ ಜಡೆ ಅವನ ಮುಷ್ಟಿಯಲ್ಲಿತ್ತು. “ಅವಳೆಲ್ಲಿದಾಳೆ ಹೇಳೇ!” ಎಂದು ನನ್ನ ಮುಖವನ್ನು ಕೀಬೋರ್ಡಿಗೆ ಅಪ್ಪಳಿಸಿದ. ಹಲ್ಲು ತುಟಿಯೊಳಗೆ ಇಳಿಯಿತು. ತೆರೆಯ ಮೇಲೆ ನಿನ್ನ ಮಾತು ಕಂಡಿರಬೇಕು, “ಅಳ್ಸು ಇದನ್ನ” ಎಂದು ಕಿರುಚಿದ. “ಸತ್ರೂ ಅಳ್ಸಲ್ಲ” ಎಂದೆ. ಮತ್ತೆ ಅಪ್ಪಳಿಸಿದ. ಕಾಗದಕ್ಕೆ ತೂತು ಹಾಕುವ ಕಬ್ಬಿಣದ ಪಂಚಿಂಗ್ ಮಷೀನು ಕೈಗೆ ಸಿಕ್ಕಿತು, ಬೀಸಿದೆ. ಅವನ ಕಿವಿ ಹರಿದು ರಕ್ತ ಚಿಮ್ಮಿತು. ಆದರೂ ಬಿಡಲಿಲ್ಲ, ಎರಡೂ ಕೈಯಲ್ಲಿ ಕತ್ತು ಹಿಸುಕಿದ. ನನಗೆ ಕಣ್ಣು ಕತ್ತಲಿಟ್ಟಿತು. ಇರುವೆಯನ್ನೂ ದಾಟಿ ನಡೆಯುವ ನಮ್ಮ ವಕೀಲಮ್ಮ ಒಳಕೋಣೆಯಿಂದ ಬಂದು, ಕುರ್ಚಿಯ ಕಾಲು ಮುರಿಯುವ ತನಕ ಅವನ ಬೆನ್ನಿಗೆ ಬಾರಿಸಿದರು. ಕೆಳಗಿನ ಅಂಗಡಿಯ ದರ್ಜಿ ಓಡಿ ಬಂದು, ಪೊಲೀಸರು ಬರುವವರೆಗೆ ಅವನ ಮೇಲೆಯೇ ಕೂತ. ಪೊಲೀಸರು ಅವನನ್ನು ಕಾವಲಿಟ್ಟು ಆಸ್ಪತ್ರೆಗೆ ಸೇರಿಸಿದರು. ನಿಜ ಹೇಳಲೇ? ಅವನು ನರಳಿದಾಗ ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನೊಂದು ಏಟು ಹಾಕಬೇಕು ಅನ್ನಿಸಿತು. ಹಾಗನ್ನಿಸಿತಲ್ಲ ಎಂದೇ ಆ ಮಷೀನನ್ನು ಕೈಯಿಂದ ಕೆಳಗಿಟ್ಟೆ.

ಇವತ್ತು ಬೆಳಿಗ್ಗೆ ಕೀಬೋರ್ಡಿನ ರಕ್ತ ಒರೆಸಿ ಕೂತೆ. ಅವನ ಹೇಳಿಕೆಯನ್ನೆಲ್ಲ ಬೇರೊಂದು ಸ್ಟೈಲಿಗೆ ಸೇರಿಸಿ, ಆ ಸ್ಟೈಲಿನ ಬಣ್ಣವನ್ನು ಕಪ್ಪು ಮಾಡಿದೆ. ಕೊನೆಯ ಪುಟದವರೆಗೂ ಅವನ ಮಾತು ಒಟ್ಟಿಗೇ ಕಪ್ಪಾಯಿತು. ಕೆಂಪಾಗಿ ಉಳಿದವಳು ನೀನೊಬ್ಬಳೇ. ವಕೀಲಮ್ಮ ಹಾಳೆ ಹಿಡಿದು, “ಈಗ ನಿನ್ನಕ್ಕ ಕೇಳಿಸ್ತಾಳೆ ನೋಡು” ಎಂದರು. ನಾನು ಅತ್ತೆ. ಹೊಲಿಗೆ ಎಳೆಯಿತು, ಆದರೂ ಅತ್ತೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ನೋವಿನ ಮಾತ್ರೆ ತಪ್ಪಿಸಬೇಡ, ಹಟಮಾರಿ.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ಗುಬ್ಬಿ

ತಾ.ಕ.: ಪತ್ರ ಮಡಿಸುವಾಗಲೇ ಠಾಣೆಯಿಂದ ಫೋನು ಬಂತು. ಆಸ್ಪತ್ರೆಯಲ್ಲಿ ಕಾವಲಿದ್ದ ಪೊಲೀಸಿನವನ ತಲೆ ಒಡೆದು ನಿನ್ನ ಗಂಡ ತಪ್ಪಿಸಿಕೊಂಡಿದ್ದಾನೆ. ನೀನು ಚಿಕ್ಕಮ್ಮನ ಮನೆಯಲ್ಲಿರುವುದು ಅವನಿಗೆ ಹೇಗೋ ಗೊತ್ತಾಗಿದೆಯಂತೆ. ಕೂಡಲೇ ಫೋನು ಮಾಡಿದೆ, ನಿನ್ನ ಫೋನು ಆಫ್ ಆಗಿದೆ. ಈ ಪತ್ರ ತಂದವರು ವಕೀಲಮ್ಮನ ತಮ್ಮ. ಇದನ್ನೇ ಮೊದಲು ಓದಿಸಿ ಎಂದು ಅವರಿಗೆ ಹೇಳಿದ್ದೇನೆ. ಬಟ್ಟೆ ಕಟ್ಟಬೇಡ, ಚಪ್ಪಲಿ ಹುಡುಕಬೇಡ. ಚಿಕ್ಕಮ್ಮನ ಕೈ ಹಿಡಿದು ಈಗಲೇ ಅವರ ಕಾರು ಹತ್ತು. ಮೇಲೆ ಬರೆದದ್ದನ್ನೆಲ್ಲ ದಾರಿಯಲ್ಲಿ ಓದು.