ಐದು ತಿಂಗಳಿಗೆ ಸಡಿಲ ಅರಿವಿ

ಶಿವಯೋಗೀಶ,

ಉಣಕಲ್ಲಿನಲ್ಲೊಬ್ಬ ಜಾಣ ಗಂಡನಿದ್ದ. ಚೊಚ್ಚಲ ಬಸುರಿ ಹೆಂಡತಿ ವಾಣಿಶ್ರೀ, "ಚೂಡಿದಾರ ಬಿಗಿ ಆಗಾಕತ್ತಾವ್ರಿ, ಸಡಿಲ ಅರಿವಿ ತರೂಣ್ರಿ" ಎಂದಳು. "ಏಳರಾಗ ಕುಬಸಕ್ಕ ನಿಮ್ಮ ತವರಿನವರು ಹಸರ ಸೀರಿ ತರತಾರಲ್ಲ, ಅಲ್ಲೀತನಕ ತಡಕೊ" ಎಂದ ಮಹಾನುಭಾವ. ಐದು ತಿಂಗಳ ಹೊಟ್ಟೆ ಅವನ ಅಪ್ಪಣೆಗೆ ಕಾಯಲಿಲ್ಲ. ಇವತ್ತು ಮುಂಜಾನೆ ಅವಳ ಹೊಟ್ಟೆಯ ಮೇಲೆ ಲಾಡಿಯ ಕೆಂಪು ಬರೆ ಕಂಡ ಅತ್ತೆ, "ಶಿವನೇ, ಇಂಥಾವನ್ನ ಹಡದಾಕಿ ನಾನ ಏನಪಾ" ಎಂದು ಲಿಂಗಕ್ಕೆ ಕೈಮುಗಿದು, ಸೊಸೆಯನ್ನು ಕರೆದುಕೊಂಡು ದೇಶಪಾಂಡೆ ನಗರದ ಬಟ್ಟೆ ಅಂಗಡಿಗೆ ಹೊರಟಳು. ಎದೆಯಿಂದ ಸಡಿಲವಾಗಿ ಇಳಿಯುವ, ಹಡೆದ ಮೇಲೂ ಹಾಲೂಡಿಸಲು ಬರುವ ಅಂಗಿಗಳನ್ನೇ ತರುತ್ತಾಳೆ.

ರೊಟ್ಟಿ ಡಬ್ಬಿಯಲ್ಲಿವೆ, ಪಲ್ಯ ಮಾಡಿಕೊ. ಸಂಜೆ ಅವಳು ಹೊಸದು ತೊಟ್ಟು ನಿಂತಾಗ "ಛಲೋ ಒಪ್ಪತೈತಿ" ಅನ್ನು. ಅಷ್ಟೂ ಬರದಿದ್ದರೆ ಬಾಯಿ ಮುಚ್ಚಿಕೊಂಡು ಚಹಾ ಇಡು.

ಅವ್ವ