ಕಿವಿ ಸ್ವಲ್ಪ...

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತೀಯಂತೆ, ಅತ್ತಿಗೆ ಅಂದರು. ಬಾಣಂತಿ ಅವರು, ಓಡಾಟ ನಿನ್ನದು. ಮಗು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತದೆ ಎಂದು ನೀನು ಹೆಮ್ಮೆಪಟ್ಟಿದ್ದಕ್ಕೆ ನಗು ಬಂತು. ಗಂಟಲು ಗಟ್ಟಿಯಿದ್ದರೆ ನಿನ್ನ ಪ್ರಕಾರ ಮಗು ಪಾಸು. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಆದರೆ ಚೆನ್ನಾಗಿಲ್ಲ. ಫೋನಿನಲ್ಲಿ ನನ್ನ ಮಾತು ಮುಗಿಯುವವರೆಗೆ ನೀನು ಕಾಯುವುದಿಲ್ಲ, ಅದಕ್ಕೇ ಈ ಪತ್ರ.

ಡಾಕ್ಟರಮ್ಮ ನಿನ್ನೆದುರಿಗೇ ಬಿಡಿಸಿ ಹೇಳಿದ್ದರು: ಇವರ ಕಿವಿಗೇನೂ ಆಗಿಲ್ಲ, ಸದ್ದು ಬೇರೆಯವರಿಗಿಂತ ಇವರಿಗೆ ಹೆಚ್ಚು ತಾಕುತ್ತದೆ, ಅಷ್ಟೆ. ನೀನು ತಲೆಯಾಡಿಸಿದೆ. ಹೊರಗೆ ಬಂದವಳೇ "ಎಲ್ಲಾ ನಿನ್ನ ನಖರಾ" ಅಂದೆ. ಮನೆಗೆ ಬಂದು, ಯಾರೂ ನೋಡದ ಟಿವಿಯನ್ನು ಎಂದಿನಂತೆ ಹಾಕಿದೆ. ಆದರೆ ನಾಲ್ಕು ಜನರ ಮುಂದೆ ಮಗಳದು ನಖರಾ ಎನ್ನಲಾಗುತ್ತದೆಯೇ? ಅವರ ಹತ್ತಿರ "ಅವಳಿಗೆ ಕಿವಿ ಸ್ವಲ್ಪ..." ಎಂದು ಉಳಿದದ್ದನ್ನು ನುಂಗಿಬಿಡುತ್ತಿದ್ದೆ. ನೀನು ನುಂಗಿದ್ದನ್ನು ಅವರು ತಮಗೆ ತೋಚಿದಂತೆ ತುಂಬಿಕೊಂಡರು. ಕೆಳಗಿನ ಮನೆಯ ಟೈಲರ್ ಅಕ್ಕ ಮೂರು ವರ್ಷದಿಂದ ನನ್ನ ಮುಖದ ಹತ್ತಿರ ಬಾಯಿ ತಂದು "ಊಟ ಆಯ್ತಾ" ಎಂದು ಕಿರುಚುತ್ತಾಳೆ. ಪಾಪ, ಒಳ್ಳೆಯವಳು. ನಾನೂ ನಕ್ಕು ಸುಮ್ಮನಿದ್ದೆ. ಸುಮ್ಮನಿದ್ದದ್ದು ನನ್ನ ತಪ್ಪು.

ಪ್ರೆಸ್ಸಿನ ಕಾಗದದ ಉಗ್ರಾಣದಲ್ಲಿ ಕರಡು ತಿದ್ದಲು ನನಗೊಂದು ಮೇಜಿತ್ತಲ್ಲ, ಸುತ್ತಲೂ ಆಳೆತ್ತರಕ್ಕೆ ಕಾಗದದ ಕಟ್ಟುಗಳು. ಎಂಥ ಸದ್ದೂ ಅವನ್ನು ದಾಟಿ ಬರುತ್ತಿರಲಿಲ್ಲ. ಆ ಜಾಗವನ್ನು ಯಾರೂ ಕರೆದು ಕೊಡಲಿಲ್ಲ. ಮ್ಯಾನೇಜರ ಮುಂದೆ ನಾಲ್ಕು ಸಲ ನಿಂತು, ನಾಚಿಕೆ ಬಿಟ್ಟು ಕೇಳಿ ಪಡೆದೆ. ನನಗೆ ಬೇಕಾದದ್ದನ್ನು ಈ ನಲವತ್ತು ವರ್ಷದಲ್ಲಿ ನಾನೇ ಕೇಳಿ ಪಡೆದದ್ದು ಅದೊಂದೇ. ನೀನು ಹೊರಡುವ ದಿನ ಮ್ಯಾನೇಜರಿಗೆ ಫೋನ್ ಮಾಡಿದೆಯಂತೆ. "ಒಬ್ಬಳೇ ಕೂತು ಮಂಕಾಗ್ತಾಳೆ, ಎಲ್ಲರ ಜೊತೆ ಕೂರ್ಸಿ. ಅವಳಿಗೆ ಕಿವಿ ಸ್ವಲ್ಪ..." ಅಂದೆಯಂತೆ. ಅವರೂ ಉಳಿದದ್ದನ್ನು ತುಂಬಿಕೊಂಡರು. ಮರುದಿನವೇ ನನ್ನ ಮೇಜು ಕಟಿಂಗ್ ಮೆಷಿನ್ನಿನ ಪಕ್ಕಕ್ಕೆ ಹೋಯಿತು. ಅಲ್ಲಿ ಕೂರಲು ಬೇರೆ ಯಾರೂ ಒಪ್ಪುವುದಿಲ್ಲ. "ನಿಮಗಾದ್ರೆ ಹೇಗೂ ಕೇಳ್ಸಲ್ವಲ್ಲ" ಅಂದರು ಮ್ಯಾನೇಜರು, ಗಟ್ಟಿಯಾಗಿ, ಒಳ್ಳೆಯ ಮನಸ್ಸಿನಿಂದಲೇ. ಕೇಳುತ್ತದೆ ಸಾರ್, ಅದೇ ತೊಂದರೆ ಎಂದೆ. "ನಿಮ್ಮ ತಾಯಿನೇ ಹೇಳಿದಾರೆ, ಮುಚ್ಚಿಡಬೇಡಿ" ಅಂದರು. ನನ್ನ ಕಿವಿಯ ವಿಷಯದಲ್ಲೂ ನನ್ನ ಮಾತು ನಡೆಯಲಿಲ್ಲ.

ಬ್ಲೇಡು ಧಡ್ಡೆಂದು ಇಳಿದಾಗಲೆಲ್ಲ ಓದುತ್ತಿದ್ದ ಸಾಲು ತಪ್ಪುತ್ತದೆ. ಬುಧವಾರ, ಹಚ್ಚುವ ಔಷಧಿಯೊಂದರ ಚೀಟಿಯಲ್ಲಿ "ಕುಡಿಯಬಾರದು" ಎಂಬುದು "ಕುಡಿಯಬಹುದು" ಎಂದಾಗಿತ್ತು. ನಾನು ನೋಡಲಿಲ್ಲ, ಸರಿಯಿದೆ ಎಂದು ಸಹಿ ಹಾಕಿದೆ. ಪ್ಯಾಕಿಂಗಿನ ಹೆಂಗಸಿನ ಕಣ್ಣಿಗೆ ಬೀಳದಿದ್ದರೆ ಯಾರ ಹೊಟ್ಟೆಗೆ ಏನು ಹೋಗುತ್ತಿತ್ತೋ. ಹನ್ನೊಂದು ವರ್ಷ ಕರಡು ತಿದ್ದಿದವಳನ್ನು ಈಗ ಆ ಕೆಲಸದಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ್ದಾರೆ.

ನೀನು ನನಗೆ ಕೆಟ್ಟದ್ದು ಬಯಸಲಿಲ್ಲ, ಗೊತ್ತು. ಬಯಸಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಈ ಇಪ್ಪತ್ತು ದಿನ ಮನೆಯಲ್ಲಿ ಸದ್ದಿಲ್ಲ. ನನಗೆ ಸುಖವಾಗಿದೆ ಅಮ್ಮಾ. ನೀನಿಲ್ಲ ಎಂದು ಸುಖಪಡುವ ಮಗಳಾದೆನಲ್ಲ ಎಂದು ನಾಚಿಕೆಯಾಗುತ್ತದೆ, ಆದರೂ ಸುಖವಾಗಿದೆ.

ಮಾತ್ರೆ ತಪ್ಪಿಸಬೇಡ. ಅಣ್ಣ ಅತ್ತಿಗೆಯನ್ನು ಕೇಳಿದೆನೆಂದು ಹೇಳು, ಮಗುವಿಗೆ ನನ್ನದೊಂದು ಮುತ್ತು.

ನಿನ್ನ ಮಗಳು

ಇನ್ನೊಂದು ಮಾತು, ಗಡಿಬಿಡಿಯಲ್ಲಿ: ಮೂರನೇ ತಾರೀಖು ನೀನು ಬರುವಷ್ಟರಲ್ಲಿ ನಾನು ಬೇರೆ ರೂಮಿಗೆ ಹೋಗಿರುತ್ತೇನೆ. ಬೀಗದಕೈ ಟೈಲರ್ ಅಕ್ಕನ ಹತ್ತಿರ ಇರುತ್ತದೆ. ಎರಡು ತಿಂಗಳ ಮಾತ್ರೆ ಕಪಾಟಿನಲ್ಲಿದೆ. ಪ್ರೆಸ್ಸಿನವರ ಹತ್ತಿರ ಇದ್ದ ನಿನ್ನ ನಂಬರನ್ನು ಹೊಡೆದುಹಾಕಿಸಿದ್ದೇನೆ. ಭಾನುವಾರಗಳಂದು ನಾನೇ ಬಂದು ನೋಡಿಕೊಂಡು ಹೋಗುತ್ತೇನೆ. ರೂಮಿನ ವಿಳಾಸ ಇದರಲ್ಲಿಲ್ಲ. ಮರೆತದ್ದಲ್ಲ.